ವಿಳಂಬವೆಂಬ ವ್ಯಾಧಿಯ ನಿದಾನ

ವರ್ಷಾಂತ್ಯದ ಪ್ರಾಯೋಗಿಕ ಪರೀಕ್ಷೆ ಸಮೀಪಿಸಿತೆಂದರೆ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಂದು ದೃಶ್ಯ ತಪ್ಪದೆ ಕಾಣಬರುತ್ತದೆ. ಅಧ್ಯಾಪಕರ ಮೇಜಿನ ಮೇಲೆ ರೆಕಾರ್ಡ್ ಪುಸ್ತಕಗಳ ರಾಶಿ. ಬಾಗಿಲ ಬಳಿ ಕಳವಳದಿಂದ ನಿಂತ ವಿದ್ಯಾರ್ಥಿಗಳು. ಈ ಹುಡುಗರು ಸಕಾಲದಲ್ಲಿ ಏನನ್ನೂ ಮುಗಿಸಲಾರರೆಂದು ಗೊಣಗುವುದು ನಮಗೆ ಅಭ್ಯಾಸವಾಗಿತ್ತು. ಒಂದು ವರ್ಷ, ಪ್ರತಿಯೊಂದು ಪುಸ್ತಕವೂ ಮೇಜಿಗೆ ಬಂದ ದಿನವನ್ನೂ ಸಹಿಯಾಗಿ ಹೊರಟ ದಿನವನ್ನೂ ಗುರುತುಹಾಕಿಕೊಂಡೆವು. ಮೇಜಿನ ಮೇಲೆ ಸರಾಸರಿ ೩೦ ಪುಸ್ತಕಗಳು. ನಾವು ದಿನಕ್ಕೆ ನೋಡುತ್ತಿದ್ದುದು ೬. ಎಂದ ಮೇಲೆ ಒಂದೊಂದು ಪುಸ್ತಕವೂ ಸರಾಸರಿ ೫ ದಿನ ನಮ್ಮಲ್ಲಿಯೇ ಉಳಿದಿತ್ತು! ಒಂದು ಪ್ರಯೋಗವನ್ನು ಬರೆದು ಮುಗಿಸಲು ವಿದ್ಯಾರ್ಥಿಗೆ ಬೇಕಾದುದು ಒಂದು ಸಂಜೆ ಮಾತ್ರ. ವಿಳಂಬದ ಬೀಜ ಎಲ್ಲಿತ್ತೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಯಿತು.

ಈ ಸಂಗತಿ ನೆನಪಾದುದಕ್ಕೆ ಕಾರಣ, ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದರಲ್ಲಿ ಕೆಲಸಮಾಡುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಭೇಟಿ. ಅವಳ ತಂಡದ ಕೆಲಸ ಪ್ರತಿ ಬಾರಿಯೂ ಗಡುವನ್ನು ಮೀರುತ್ತಿದೆಯಂತೆ. ರಾತ್ರಿಯೂ ದುಡಿಯಿರೆಂದು ಮೇಲಿನವರ ಒತ್ತಾಯ. ತನಗೇ ಸಾಮರ್ಥ್ಯವಿಲ್ಲವೇನೋ ಎಂಬ ಶಂಕೆ ಅವಳನ್ನು ಕಾಡತೊಡಗಿತ್ತು. "ನಿನ್ನ ಒಂದು ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದಮ್ಮಾ?" ಎಂದು ಕೇಳಿದೆವು. "ಬರೆಯಲು ಮೂರು ದಿನ, ಸರ್, ಅದು ಪರೀಕ್ಷಿಸುವವರ ಕೈಗೆ ಸಿಗಲು ಒಂಬತ್ತು ದಿನ" ಎಂದಳು. ರೋಗದ ಸ್ಥಾನ ಆ ಉತ್ತರದಲ್ಲಿಯೇ ಇತ್ತು. ಅದನ್ನು ಅವಳಿಂದ ಯಾರೂ ಕೇಳಿರಲಿಲ್ಲ.

ಅವಳ ತಂಡ ಅನುಸರಿಸುವುದು 'ಅಜೈಲ್' ಎಂಬ ಪದ್ಧತಿಯನ್ನು. ೨೦೦೧ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬಲ್ಲಿ ೧೭ ಮಂದಿ ತಂತ್ರಾಂಶ ತಜ್ಞರು ಕೂಡಿ ರಚಿಸಿದ ಘೋಷಣೆಯಿಂದ ಈ ಹೆಸರು ಪ್ರಸಿದ್ಧವಾಯಿತು. ವರ್ಷಗಟ್ಟಲೆ ದುಡಿದು ಕೊನೆಗೊಮ್ಮೆ ಎಲ್ಲವನ್ನೂ ಒಪ್ಪಿಸುವ ಬದಲು, ಚಿಕ್ಕ ತಂಡವೊಂದು ಕೆಲವು ವಾರಗಳಿಗೊಮ್ಮೆ ಉಪಯೋಗಕ್ಕೆ ಬರುವ ಭಾಗವನ್ನು ಮುಗಿಸಿಕೊಡುವುದು, ಬಳಸುವವರ ಅಭಿಪ್ರಾಯವನ್ನು ಕೇಳಿ ಮುಂದಿನ ಹೆಜ್ಜೆಯನ್ನು ತಿದ್ದಿಕೊಳ್ಳುವುದು, ಇದೇ ಅದರ ತಿರುಳು. ತತ್ತ್ವವೇನೋ ಸೊಗಸಾದುದೇ. ಆದರೆ ಹೆಸರು ಬದಲಾದ ಮಾತ್ರಕ್ಕೆ ಕಾಯುವವರ ಸಾಲು ಕರಗುವುದಿಲ್ಲ.

ತಡವಾದಾಗ ಸಾಮಾನ್ಯವಾಗಿ ಸೂಚಿಸಲ್ಪಡುವ ಮದ್ದುಗಳು ಮೂರು: ಹೆಚ್ಚು ಹೊತ್ತು ದುಡಿಸುವುದು, ಹೆಚ್ಚು ಜನರನ್ನು ಸೇರಿಸುವುದು, ಹೆಚ್ಚು ಕೆಲಸಗಳನ್ನು ಒಟ್ಟಿಗೆ ಆರಂಭಿಸುವುದು. ದಣಿದ ಮನಸ್ಸು ತಪ್ಪುಮಾಡುವುದೆಂಬುದನ್ನು ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟವರಿಗೆ ಹೇಳಬೇಕಾಗಿಲ್ಲ. ತಡವಾದ ಕಾರ್ಯಕ್ಕೆ ಹೊಸಬರನ್ನು ಸೇರಿಸಿದರೆ ವಿಳಂಬ ಮತ್ತಷ್ಟು ಬೆಳೆಯುವುದೆಂದು, ಐ.ಬಿ.ಎಂ. ಸಂಸ್ಥೆಯ ಬೃಹತ್ ತಂತ್ರಾಂಶವೊಂದರ ನಿರ್ಮಾಣವನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ೧೯೭೫ರಲ್ಲಿಯೇ ಎಚ್ಚರಿಸಿದ್ದರು. ಹೊಸಬರಿಗೆ ಕಲಿಸುವುದರಲ್ಲಿ ಹಳಬರ ಹೊತ್ತು ಹೋಗುತ್ತದೆ. ಮೇಲಾಗಿ ಐವರ ನಡುವೆ ಮಾತಿನ ಜೋಡಿಗಳು ೧೦ ಆದರೆ, ಹತ್ತು ಮಂದಿಯ ನಡುವೆ ಅವು ೪೫.

ಮೂರನೆಯ ಮದ್ದಿನ ದೋಷವನ್ನು ತೋರಿಸುವುದು, ಅಮೆರಿಕದ ಜಾನ್ ಲಿಟಲ್ ೧೯೬೧ರಲ್ಲಿ ಗಣಿತರೀತ್ಯಾ ಸಾಧಿಸಿದ ನಿಯಮ. ಬರುವುದೂ ಹೋಗುವುದೂ ಸರಿದೂಗಿರುವ ಯಾವುದೇ ವ್ಯವಸ್ಥೆಯಲ್ಲಿ, ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಕೆಲಸಗಳು ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ಕಾಲ ದೊರೆಯುತ್ತದೆ. ನಮ್ಮ ರೆಕಾರ್ಡ್ ಪುಸ್ತಕಗಳ ಲೆಕ್ಕವೂ ಇದೇ. ವಾರಕ್ಕೆ ೬ ಕೆಲಸಗಳನ್ನು ಮುಗಿಸುವ ತಂಡ ೨೪ನ್ನು ಕೈಗೆತ್ತಿಕೊಂಡಿದ್ದರೆ ಒಂದೊಂದಕ್ಕೂ ೪ ವಾರ. ೧೨ನ್ನು ಮಾತ್ರ ಎತ್ತಿಕೊಂಡರೆ, ವೇಗ ಕುಗ್ಗದಿದ್ದಲ್ಲಿ, ೨ ವಾರ.

"ಉಳಿದ ಹನ್ನೆರಡು ಬಾಗಿಲ ಹೊರಗೆ ಕಾಯುತ್ತಿರುವುದಿಲ್ಲವೆ? ಇದು ಬರಿಯ ಲೆಕ್ಕದ ಚಮತ್ಕಾರವಲ್ಲವೆ?" ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆದರೆ ಆರಂಭವಾಗದ ಕೆಲಸವನ್ನು ಬದಲಿಸಬಹುದು, ಹಿಂದಕ್ಕೆ ಹಾಕಬಹುದು, ಬೇಡವೆಂದು ಬಿಡಲೂಬಹುದು. ಅರ್ಧ ಮಾಡಿದ ಕೆಲಸದಲ್ಲಾದರೋ ಶ್ರಮ ಹೂಳಿರುತ್ತದೆ. ಬೇಗ ಮುಗಿದುದರ ತಪ್ಪು ಬೇಗ ತಿಳಿಯುತ್ತದೆ. ನಾಲ್ಕು ಕೆಲಸಗಳ ನಡುವೆ ಹಾರಾಡುವ ಮನಸ್ಸಿಗೆ ಪ್ರತಿ ಸಲವೂ ಹಿಂದಿನ ಎಳೆಯನ್ನು ಹುಡುಕಬೇಕಾದ ನಷ್ಟವೂ ತಪ್ಪುತ್ತದೆ.

ಇನ್ನೊಂದು ವಿಚಾರ. ಒಬ್ಬರೂ ಒಂದು ಗಳಿಗೆಯೂ ಬಿಡುವಾಗಿರಬಾರದೆಂಬ ಹಟ ಅನೇಕ ಮೇಲ್ವಿಚಾರಕರದು. ಡೆನ್ಮಾರ್ಕಿನ ಎರ್ಲಾಂಗ್ ೧೯೦೯ರಲ್ಲಿ ದೂರವಾಣಿಯ ಕರೆಗಳನ್ನು ಕುರಿತು ಪ್ರಾರಂಭಿಸಿದ ಸರದಿಯ ಗಣಿತ ಇದನ್ನು ಒಪ್ಪುವುದಿಲ್ಲ. ಕೆಲಸಗಳ ಬರವೂ ಅವುಗಳಿಗೆ ಹಿಡಿಯುವ ಕಾಲವೂ ಯಾದೃಚ್ಛಿಕವಾಗಿ ಏರುಪೇರಾಗುವ ಒಂದು ಸರಳ ಮಾದರಿಯನ್ನು ತೆಗೆದುಕೊಳ್ಳೋಣ. ಒಬ್ಬನೇ ಪರೀಕ್ಷಕ ತನ್ನ ಕಾಲದ ನೂರಕ್ಕೆ ೫೦ ಭಾಗ ಕಾರ್ಯಮಗ್ನನಾಗಿದ್ದರೆ, ಸರಾಸರಿ ಕಾಯುವಿಕೆ ಒಂದು ಪರೀಕ್ಷೆಗೆ ಹಿಡಿಯುವ ಕಾಲದಷ್ಟೇ. ೮೦ ಭಾಗವಾದರೆ ಅದರ ೪ ಪಟ್ಟು. ೯೦ ಆದರೆ ೯ ಪಟ್ಟು. ೯೫ ಆದರೆ ೧೯ ಪಟ್ಟು! ಅಂಥ ಪರೀಕ್ಷಕನ ಹಿಂದಿರುವವರನ್ನು ಇನ್ನೂ ಬೇಗ ಬರೆಯಿರೆಂದು ಗದರಿಸಿದರೆ ಸಾಲು ಉದ್ದವಾಗುತ್ತದೆಯೇ ಹೊರತು ಫಲವಿಲ್ಲ. ಬರೆಯುವವರಲ್ಲಿ ಒಬ್ಬಿಬ್ಬರು ಪರೀಕ್ಷೆಗೆ ನೆರವಾಗುವುದೇ ಅಲ್ಲಿ ತಕ್ಕ ಚಿಕಿತ್ಸೆ.

ವಿಳಂಬಕ್ಕೆ ಬೇರೆ ಕಾರಣಗಳೂ ಉಂಟು: ಬೇಕಾದುದೇನೆಂದು ಸ್ಪಷ್ಟವಾಗಿ ಹೇಳದಿರುವುದು, ತಪ್ಪಿನಿಂದ ಕೆಲಸ ಮರಳಿ ಬರುವುದು, ಒಮ್ಮೊಮ್ಮೆ ನಿಜವಾದ ಆಲಸ್ಯವೂ. ಯಾವುದು ಎಷ್ಟೆಂಬುದು ಅಳೆಯದೆ ತಿಳಿಯದು. ಪ್ರತಿಯೊಂದು ಕೆಲಸವೂ ಒಂದೊಂದು ಹಂತಕ್ಕೆ ಬಂದ ದಿನ, ಬಿಟ್ಟ ದಿನ ಇಷ್ಟನ್ನು ಬರೆದಿಟ್ಟರೆ ದುಡಿದ ದಿನಗಳೂ ಕಾದ ದಿನಗಳೂ ಬೇರ್ಪಟ್ಟು ಕಾಣುತ್ತವೆ. ಆದರೆ ಅಳತೆ ಚಾವಟಿಯಾಗಕೂಡದು. ಅಳತೆಯನ್ನೇ ಗುರಿಮಾಡಿದರೆ ಅದು ಅಳತೆಯಾಗಿ ಕೆಡುವುದೆಂಬ ಮಾತು, ೧೯೭೫ರಲ್ಲಿ ಇದರ ಮೂಲಭಾವವನ್ನು ಹೇಳಿದ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಮುಗಿಸಿದ ಕೆಲಸಕ್ಕೆ ಅಂಕ ಕೊಟ್ಟು ತಂಡಗಳನ್ನು ಹೋಲಿಸಿದರೆ ಬೆಳೆಯುವುದು ಅಂಕ ಮಾತ್ರ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿದೀತೆ?

ವಿದ್ಯಾರ್ಥಿ ಮಿತ್ರರಲ್ಲಿ ಹಲವರು ನಾಳೆ ಇಂಥ ತಂಡಗಳನ್ನು ಸೇರುವವರು. ಕೆಲವರು ಅವನ್ನು ನಡೆಸುವವರು. ತಡವಾದಾಗ 'ಯಾರು' ಎಂದು ಕೇಳುವ ಮುನ್ನ 'ಎಲ್ಲಿ' ಎಂದು ಕೇಳುವುದನ್ನು ಅವರು ಈಗಲೇ ರೂಢಿಸಿಕೊಳ್ಳಲಿ. ನಾವಂತೂ ಈಗ ಪ್ರತಿ ವಾರವೂ ರೆಕಾರ್ಡುಗಳನ್ನು ತರಿಸಿಕೊಂಡು ಅಂದಂದೇ ನೋಡುತ್ತಿದ್ದೇವೆ. ಹುಡುಗರು ಅವರೇ, ಬಾಗಿಲ ಬಳಿಯ ಸಾಲು ಮಾತ್ರ ಇಲ್ಲ.