ಲಂಡನ್ ನೋಡಲು ಹೊರಡುವವರಿಗೆ

ಕಲ್ಲೂರಿನಂತಹ ಊರಿನಲ್ಲಿದ್ದುಕೊಂಡೇ ಲಂಡನ್ ಪಟ್ಟಣವನ್ನು ನೋಡಿಬರಬೇಕೆಂದು ಸಂಕಲ್ಪಿಸುವ ಕುಟುಂಬಗಳಿಗೆ ನಾವು ನಾಲ್ಕು ಮಾತು ಹೇಳಬಯಸುತ್ತೇವೆ. ವರ್ಷಾನುಗಟ್ಟಲೆ ಕೂಡಿಟ್ಟ ಹಣವು ಒಂದು ವಾರದಲ್ಲಿ ವೆಚ್ಚವಾಗತಕ್ಕ ಕಾರ್ಯವಿದು. ಆದುದರಿಂದ ಯಜಮಾನನೊಬ್ಬನೇ ನಿಶ್ಚಯಿಸದೆ, ಗೃಹಿಣಿಯೂ ಹಿರಿಯರೂ ಕೂಡಿ ಕುಳಿತು ಆಲೋಚಿಸುವುದು ಯುಕ್ತ.

ಮೊದಲನೆಯದು ವೀಸಾ. ಫ್ರಾನ್ಸ್ ಮೊದಲಾದ ದೇಶಗಳಿಗೆ ಪಡೆದ ಷೆಂಗೆನ್ ವೀಸಾ ಇಂಗ್ಲೆಂಡಿಗೆ ಸಲ್ಲದು. ಅಲ್ಲಿಗೆ ಬೇರೆಯದೇ ಬೇಕು. ಅದು ದೊರೆಯುವ ಮೊದಲೇ ಹಿಂತಿರುಗಿ ಬಾರದ ವಿಮಾನದ ಹಣವನ್ನು ಕಟ್ಟಬಾರದು.

ಎರಡನೆಯದು ಕಾಲ. ಡಿಸೆಂಬರಿನಲ್ಲಿ ಅಲ್ಲಿಯ ಹಗಲು ಸುಮಾರು ೮ ಗಂಟೆ. ಜೂನಿನಲ್ಲಿ ೧೬ಕ್ಕೂ ಹೆಚ್ಚು. ರಾಯಚೂರು ಸೀಮೆಯ ಬಿಸಿಲಿಗೆ ಒಗ್ಗಿದ ವೃದ್ಧರನ್ನು ಕರೆದೊಯ್ಯುವವರು ಬೇಸಗೆಯನ್ನೇ ಆರಿಸಲಿ. ಆಗಲೂ ಉಣ್ಣೆಯ ಬಟ್ಟೆ, ಕೊಡೆ ಜೊತೆಗಿರಲಿ.

ಮೂರನೆಯದು ವೆಚ್ಚ. ಟವರ್ ಕೋಟೆಗೆ ಶುಲ್ಕವುಂಟು. ೧೭೫೯ರಲ್ಲಿ ತೆರೆದ ಬ್ರಿಟಿಷ್ ಮ್ಯೂಜಿಯಮ್ಮಿನ ಶಾಶ್ವತ ಸಂಗ್ರಹವನ್ನು ನೋಡಲು ಶುಲ್ಕವಿಲ್ಲ. ದೇವದುರ್ಗದ ಸೀಮೆಯನ್ನು ಮುಟ್ಟಿ ಹರಿಯುವ ಕೃಷ್ಣೆಯ ಕೆಳದಂಡೆಯಲ್ಲಿರುವ ಅಮರಾವತಿಯ ಶಿಲ್ಪಗಳು ಅಲ್ಲಿವೆ. ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ೨೦೧೫ನೆಯ ನವೆಂಬರ್ ೧೪ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಎದುರುದಡದಲ್ಲಿ ಪಾರ್ಲಿಮೆಂಟ್ ಭವನ. ಕಲ್ಯಾಣದ ಅನುಭವಮಂಟಪದ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ತಕ್ಕ ಸ್ಥಳವುಂಟೆ?

ಕಡೆಯದಾಗಿ, ದಿನಕ್ಕೆ ಎರಡೇ ಸ್ಥಳಗಳು ಸಾಕು. ಹತ್ತು ಹೆಸರುಗಳನ್ನು ಎಣಿಸಿಕೊಂಡು ಬರುವುದಕ್ಕಿಂತ, ವೃದ್ಧ ತಾಯಿಯು ಆಯಾಸವಿಲ್ಲದೆ ಕಂಡ ಎರಡನ್ನು ನೆರೆಮನೆಯವರಿಗೆ ಸಂತೋಷದಿಂದ ವರ್ಣಿಸುವಂತಾದರೆ ಕೂಡಿಟ್ಟ ಹಣವು ಸಾರ್ಥಕವಾಯಿತೆಂದೇ ನಾವು ಭಾವಿಸುತ್ತೇವೆ.