ಕೇಳಲು ಬಂದರೆ ಸಾಕೇ?

ಚಾಟ್‌ಜಿಪಿಟಿ 2022ರ ನವೆಂಬರ್‌ 30ರಂದು ಹೊರಬಂತು. ಅಂದಿನಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಕಾಲೇಜು ಮಕ್ಕಳ ಕಿವಿಗೆ ಬೀಳುತ್ತಿರುವ ಕೆಲವು ಬುದ್ಧಿಮಾತುಗಳನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದು, 'ವಿಷಯ ತಿಳಿದಿರಬೇಕಿಲ್ಲ, ಯಂತ್ರವನ್ನು ಕೇಳಲು ಬಂದರೆ ಸಾಕು' ಎಂಬುದು. ವಿಷಯ ತಿಳಿಯದೆ ಕೇಳುವುದಾದರೂ ಹೇಗೆ? ನಮ್ಮ ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ದೇಶದ ಬಹುಪಾಲು ಆಲೂಗಡ್ಡೆ ಉತ್ತರದ ಬಯಲಿನಲ್ಲಿ ನೀರು ಹಾಯಿಸಿ ಬೆಳೆಯುವ ಚಳಿಗಾಲದ ಬೆಳೆ. ಹಾಸನದ ಸುತ್ತ ಬಿತ್ತನೆ ಮೇ–ಜೂನ್‌ನಲ್ಲಿ, ಮಳೆ ನಂಬಿಕೊಂಡು. ಬಿತ್ತನೆ ಗೆಡ್ಡೆ ಜಲಂಧರ್‌ನಿಂದ ಬಂದರೂ ಮೋಡ, ಸೋನೆ, ಅಂಗಮಾರಿ ರೋಗ ಇಲ್ಲಿಯವೇ. 'ಆಲೂಗಡ್ಡೆಗೆ ಯಾವಾಗ ಔಷಧಿ ಹೊಡೆಯಬೇಕು' ಎಂದಷ್ಟೇ ಕೇಳಿದರೆ ಯಂತ್ರ ತಾನು ಹೆಚ್ಚು ಓದಿಕೊಂಡಿರುವ ಕಡೆಯ ಲೆಕ್ಕ ಹೇಳಿಬಿಡಬಹುದು. ಮುಂಗಾರಿನ ಬೆಳೆ, ಕೆಂಪು ಮಣ್ಣು, ಕುಫ್ರಿ ಜ್ಯೋತಿ ತಳಿ, ಗಿಡಕ್ಕೆ ಇಷ್ಟು ದಿನ, ಎಲೆಯಡಿ ಬಿಳಿ ಬೂಷ್ಟು ಕಾಣುತ್ತಿದೆ ಎಂದು ಬಿಡಿಸಿ ಹೇಳಬಲ್ಲವರು ಹೊಲಕ್ಕೆ ಇಳಿದವರು. ರೋಗ ಹರಡಿದ ಮೇಲೆ ಬರೀ ಮ್ಯಾಂಕೋಜೆಬ್‌ ಔಷಧಿ ಸಾಕು ಎಂಬ ಉತ್ತರ ಬಂದರೆ, ಅದು ರೋಗ ತಗಲುವ ಮುಂಚೆ ಹೊಡೆಯಬೇಕಾದದ್ದು ಎಂದು ತಡೆಯುವವರೂ ಅವರೇ. ರೈತರ ಮಕ್ಕಳಿಗೆ ಮನೆಯಲ್ಲೇ ಸಿಕ್ಕಿರುವ ಈ ತಿಳಿವಳಿಕೆಯನ್ನು ಹಳೆಯದೆಂದು ಬಿಡಿಸುವುದು ಅನ್ಯಾಯ.

'ಪರಿಶೀಲಿಸುತ್ತ ಕೂತರೆ ಸಮಯ ಉಳಿದಂತಾಯಿತೇ?' ಎನ್ನುವವರಿದ್ದಾರೆ. ಯಂತ್ರ ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಅಂದಾಜಿನ ಮೇಲೆ ಬರೆಯುತ್ತದೆ. ಹಾಗಾಗಿ ಇಲ್ಲದ್ದನ್ನೂ ಇದ್ದಂತೆಯೇ ಸರಾಗವಾಗಿ ಹೇಳಬಲ್ಲದು. ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ ತೀರ್ಪುಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿದ ನ್ಯೂಯಾರ್ಕ್‌ ವಕೀಲರಿಗೆ 2023ರಲ್ಲಿ 5,000 ಡಾಲರ್‌ ದಂಡ ಬಿತ್ತು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ 2024ರ ಡಿಸೆಂಬರ್‌ನ ಆದೇಶವೊಂದರಲ್ಲೂ ಇಲ್ಲದ ತೀರ್ಪುಗಳ ಉಲ್ಲೇಖವಿದ್ದು, ಅದನ್ನು ಹಿಂಪಡೆಯಬೇಕಾಯಿತು. ತಪ್ಪು ಎಲ್ಲಿಂದ ನುಸುಳಿತು ಎಂಬ ಚರ್ಚೆ ಬೇರೆ. ಸಹಿಗೆ ಮುಂಚೆ ಒಬ್ಬರು ತೆರೆದು ನೋಡಿದ್ದರೆ ಸಾಕಿತ್ತು. ಎಲ್ಲವನ್ನೂ ಅಕ್ಷರ ಬಿಡದೆ ತಿದ್ದಿ ಎನ್ನುತ್ತಿಲ್ಲ. ಲಗ್ನಪತ್ರಿಕೆಯ ಒಕ್ಕಣೆಗೂ ಬೆಳೆಸಾಲದ ಅರ್ಜಿಗೂ ಒಂದೇ ಎಚ್ಚರ ಬೇಡ. ಆದರೆ ಹೆಸರು, ಸರ್ವೆ ನಂಬರು, ದಿನಾಂಕ, ಮೊತ್ತ, ಔಷಧಿಯ ಪ್ರಮಾಣ, ಇವನ್ನು ಮೂಲದೊಂದಿಗೆ ತಾಳೆ ನೋಡದೆ ಕೈಬಿಡಬಾರದು.

'ಇದೆಲ್ಲ ಇಂಗ್ಲಿಷ್‌ ಬಲ್ಲವರ ಕೆಲಸ, ಕನ್ನಡ ಮಾಧ್ಯಮದವರಿಗೆ ಜಾಗವಿಲ್ಲ' ಎಂಬ ಮಾತು ನನಗೆ ಎಲ್ಲಕ್ಕಿಂತ ನೋವು ಕೊಡುತ್ತದೆ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಸೂಚಿಸಿದರು. ಫೇಸ್‌ಬುಕ್‌ ನಡೆಸುವ ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ ಮುಖ್ಯಮಂತ್ರಿಯೇ ತೀರಿಕೊಂಡರೆಂದು ಇಂಗ್ಲಿಷಿನಲ್ಲಿ ತೋರಿಸಿತು. ಕೊನೆಗೆ ಕಂಪನಿ ಕ್ಷಮೆ ಕೇಳಿತು. ಆ ಇಂಗ್ಲಿಷಿನಲ್ಲಿ ವ್ಯಾಕರಣದೋಷ ಹುಡುಕಿ ಪ್ರಯೋಜನವಿರಲಿಲ್ಲ. ಮೂಲದ ಕನ್ನಡ ಓದಿದವರಿಗೆ ಮಾತ್ರ ತಪ್ಪು ಹೊಳೆಯುತ್ತಿತ್ತು. ಇಂಗ್ಲಿಷ್‌ ಕಲಿಯಲಿ, ಅನುಕೂಲವಿದೆ. ಕನ್ನಡ ಬಿಟ್ಟು ಕಲಿಯುವುದು ಬೇಡ.

'ಹೇಗೂ ಕೆಲಸಗಳು ಹೋಗುತ್ತವೆ, ಏನು ಕಲಿತರೇನು' ಎಂಬುದು ಕೊನೆಯ ವಾದ. ಟೈಪಿಂಗ್‌, ಡೇಟಾ ಎಂಟ್ರಿಯಂಥ ಕೆಲಸಗಳು ಕಡಿಮೆಯಾಗಬಹುದು, ಸುಳ್ಳು ಭರವಸೆ ಕೊಡಲಾರೆ. ಆದರೆ ಬರೆದದ್ದರ ಹೊಣೆಯನ್ನು ಯಂತ್ರ ಹೊರುವುದಿಲ್ಲ. ಹೊಣೆ ಹೊರಬಲ್ಲವರು ಕಚೇರಿಗೂ ಬೇಕು, ಆಸ್ಪತ್ರೆಗೂ ಬೇಕು, ಸೊಸೈಟಿಗೂ ಬೇಕು.

ಈ ನಾಲ್ಕು ಊರುಗಳ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೆ: ಯಂತ್ರದ ಉತ್ತರವನ್ನು ತರಗತಿಗೇ ತನ್ನಿ, ಅದರಲ್ಲಿ ತಪ್ಪು ಹುಡುಕಿ, ಯಾಕೆ ತಪ್ಪೆಂದು ಕನ್ನಡದಲ್ಲಿ ಬರೆದ ವಿದ್ಯಾರ್ಥಿಗೆ ಅಂಕ ಕೊಡಿ.