ಫೈನ್ ಕಟ್ಟಿದರೆ ಮುಗಿಯಿತೇ? ಪಾಠವೂ ಬೇಕು, ಕನ್ನಡದಲ್ಲೇ ಬೇಕು

ವರ್ಕಾಡಿ, ಮಂಜೇಶ್ವರ ಕಡೆಯ ದ್ವಿಚಕ್ರ ಸವಾರರಿಗೆ ಫೈನ್ ಈಗ ಹೊಸ ವಿಷಯವಲ್ಲ. ಕೇರಳ ಸರಕಾರ ರಾಜ್ಯಾದ್ಯಂತ 726 ಕ್ಯಾಮರಾಗಳನ್ನು ಹಾಕಿ 2023ರ ಜೂನ್ 5ರಿಂದ ದಂಡ ಶುರು ಮಾಡಿತು. ಹೆಲ್ಮೆಟನ್ನು ಹ್ಯಾಂಡಲಿಗೆ ನೇತು ಹಾಕಿ ಹೋಗಿ ಸಿಕ್ಕಿಬಿದ್ದರೆ ಮೊಬೈಲಿಗೆ ಮೆಸೇಜು ಬರುತ್ತದೆ. 'ಐನೂರು ಅಲ್ವಾ, ಹೋಗ್ಲಿ ಮಾರಾಯ್ರೆ' ಅಂತ ಕಟ್ಟಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಮರುದಿನ ಹೆಲ್ಮೆಟ್ ಪುನಃ ಹ್ಯಾಂಡಲಿನಲ್ಲೇ.

ಹಣ ಹೋಗುತ್ತದೆ, ಅಭ್ಯಾಸ ಹೋಗುವುದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ ಶಿಕ್ಷೆಯ ಜತೆಗೆ ಪಾಠವನ್ನೂ ಸೇರಿಸಿದರು. ಲೈಸೆನ್ಸ್ ಅಮಾನತಾದವರು ಮರು ತರಬೇತಿ ಮುಗಿಸಿದ ಮೇಲಷ್ಟೇ ಅದು ವಾಪಸು ಸಿಗಬೇಕು. ಇದು ಕುಡಿದು ಓಡಿಸಿದವರಿಗೆ ಮಾತ್ರ ಅಂತ ತಿಳಿಯಬೇಡಿ. ಹೆಲ್ಮೆಟ್ ಇಲ್ಲದಿದ್ದರೂ, ಒಂದೇ ಬೈಕಿನಲ್ಲಿ ಮೂವರು ಕೂತರೂ ಮೂರು ತಿಂಗಳು ಲೈಸೆನ್ಸ್ ಹೋಗಲು ಅದೇ ಕಾಯ್ದೆಯಲ್ಲಿ ದಾರಿಯಿದೆ.

ಕೇರಳದಲ್ಲಿ ಇಂಥ ತರಬೇತಿಗೆ ಹೆಸರಾದದ್ದು ಮಲಪ್ಪುರಂ ಜಿಲ್ಲೆಯ ಎಡಪ್ಪಾಳಿನ ಚಾಲಕ ತರಬೇತಿ ಮತ್ತು ಸಂಶೋಧನಾ ಸಂಸ್ಥೆ. 2024ರಲ್ಲಿ ಕಾರಿನೊಳಗೆ ನೀರು ತುಂಬಿಸಿ ಈಜುಕೊಳ ಮಾಡಿ ರಸ್ತೆಗಿಳಿದ ಯೂಟ್ಯೂಬರನಿಗೂ ಅಲ್ಲಿಯೇ ತರಬೇತಿ ಅಂತ ಆದೇಶವಾಗಿತ್ತು. ಅಂಥವರಿಗೆ ಅದು ಸರಿ. ಆದರೆ ವರ್ಕಾಡಿಯಲ್ಲಿ ದಿನಗೂಲಿಗೆ ತೋಟಕ್ಕೆ ಹೋಗುವವರು 250 ಕಿ.ಮೀ.ಗೂ ಹೆಚ್ಚು ದೂರದ ಎಡಪ್ಪಾಳಿಗೆ ಹೋಗಿ ಬರುವುದೆಂದರೆ ಬಸ್ಸು, ರೂಮು, ಊಟ, ಹೋದ ಕೂಲಿ ಎಲ್ಲ ಲೆಕ್ಕ ಹಾಕಬೇಕು. ಫೈನಿಗಿಂತ ಅದೇ ದುಬಾರಿ. ಅಷ್ಟು ದೂರ ಹೋಗಿಯೂ ಮಲಯಾಳದ ಪಾಠ ಅರ್ಧ ತಲೆಗೆ ಹೋಗಿ ಅರ್ಧ ಬಿಟ್ಟರೆ ಪ್ರಯೋಜನವೇನು?

ಕಾಯ್ದೆ ಎಡಪ್ಪಾಳಿನ ಹೆಸರು ಹೇಳುವುದಿಲ್ಲ. ಪರವಾನಿಗೆ ಪಡೆದ ಡ್ರೈವಿಂಗ್ ಸ್ಕೂಲಿನಲ್ಲೂ ಈ ತರಬೇತಿ ಕೊಡಬಹುದು ಅನ್ನುತ್ತದೆ. ಅಂದ ಮೇಲೆ ಹೊಸಂಗಡಿಯಲ್ಲೋ ಉಪ್ಪಳದಲ್ಲೋ ಯಾಕಾಗಬಾರದು? ಭಾಷೆಯ ವಿಚಾರವೂ ಹೊಸ ಬೇಡಿಕೆಯಲ್ಲ. ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಲು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯೇ ಅವಕಾಶ ಕೊಟ್ಟಿತ್ತು. ಅರ್ಜಿಗೆ ಸಂದ ಹಕ್ಕು ಜೀವ ಉಳಿಸುವ ಪಾಠಕ್ಕೂ ಸಲ್ಲಬೇಡವೇ?

ಲೈಸೆನ್ಸ್ ಹೋಗುವ ತನಕ ಕಾಯುವುದೂ ಸರಿಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ತಪ್ಪಿಗೆ ಟಿಕೆಟ್ ಬಿದ್ದವರು ಸಾಮಾನ್ಯವಾಗಿ 18 ತಿಂಗಳಿಗೊಮ್ಮೆ 'ಟ್ರಾಫಿಕ್ ಸ್ಕೂಲ್' ಸೇರಬಹುದು. ದಂಡ ಕಟ್ಟಲೇಬೇಕು, ಆದರೆ ಪಾಠ ಮುಗಿಸಿದರೆ ಆ ತಪ್ಪಿನ ಅಂಕ ವಿಮಾ ಕಂಪೆನಿಯ ಕಣ್ಣಿಗೆ ಬೀಳುವುದಿಲ್ಲ. ಪಾಠ ಸ್ಪ್ಯಾನಿಷ್ ಭಾಷೆಯಲ್ಲೂ ಸಿಗುತ್ತದೆ. ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ತೃಪ್ಪೂಣಿತ್ತುರದ ಪೊಲೀಸರು ಕುಡಿದು ಓಡಿಸಿದ ಚಾಲಕರಿಂದ 'ಇನ್ನು ಕುಡಿದು ಓಡಿಸುವುದಿಲ್ಲ' ಅಂತ ಸಾವಿರ ಸಲ ಬರೆಸಿದರು. ಬರೆದರೆ ಕೈ ನೋಯುತ್ತದೆ, ಕಲಿತದ್ದೇನು?

ತಿಂಗಳಿಗೊಂದು ಭಾನುವಾರ ಪಂಚಾಯತು ಸಭಾಭವನದಲ್ಲಿ ಮೋಟಾರು ವಾಹನ ಇಲಾಖೆಯವರು ಎರಡು ಗಂಟೆ ಕನ್ನಡದಲ್ಲಿ ಪಾಠ ಮಾಡಲಿ. ಮೊದಲ ಸಲ ಸಿಕ್ಕಿಬಿದ್ದು ಬಂದು ಕೂತವರಿಗೆ ದಂಡದಲ್ಲಿ ಸ್ವಲ್ಪ ರಿಯಾಯಿತಿ ಸಿಗಲಿ. ಹೇಳಿಕೊಡುವುದು ಬೇಕಷ್ಟಿದೆ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ ಅಂತ ಎಷ್ಟು ಮನೆಯವರಿಗೆ ಗೊತ್ತು? ಷಟ್ಪಥ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಹೇಗೆ ಹೋಗಬೇಕು, ಒಳರಸ್ತೆಯ ತಿರುವಿನಲ್ಲಿ ಕೆಂಪುಕಲ್ಲಿನ ಲಾರಿ ಎದುರಾದರೆ ಏನು ಮಾಡಬೇಕು ಅನ್ನುವುದನ್ನು ಮೆಸೇಜು ಕಲಿಸುವುದಿಲ್ಲ.

ಇದನ್ನು ಕೇಳಬೇಕಾದವರು ನಾವೇ. ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿ ಆರ್.ಟಿ.ಒ. ಕಚೇರಿಗೆ ಕನ್ನಡದಲ್ಲೇ ಬರೆದು ಕಳುಹಿಸೋಣ. ಅಲ್ಲಿಯ ತನಕ ಹ್ಯಾಂಡಲಿನ ಹೆಲ್ಮೆಟ್ ತಲೆಗೆ ಏರಲಿ. ಅದಕ್ಕೆ ಯಾವ ಆದೇಶವೂ ಬೇಡ.